ಕತ್ತಲಲ್ಲಿ ಬೆಳಗುವ ಪಿಸ್ತೂಲು ಸೈಟ್: ಕಾರ್ಖಾನೆಯದೋ, ಹೊರಗಿನದೋ?

ಪಿಸ್ತೂಲಿನ ಮೇಲ್ಭಾಗದಲ್ಲಿ ಗುರಿ ಹಿಡಿಯಲು ಎರಡು ಗುರುತುಗಳಿರುತ್ತವೆ. ಮೂತಿಯ ಬಳಿ ಒಂದು ಪುಟ್ಟ ಕಡ್ಡಿ, ಹಿಂಬದಿಯಲ್ಲಿ ನಡುವೆ ಕಚ್ಚು ಮಾಡಿದ ಒಂದು ತುಂಡು. ಹಿಂದಿನ ಕಚ್ಚಿನ ನಡುವೆ ಮುಂದಿನ ಕಡ್ಡಿ ಸರಿಯಾಗಿ ಕಂಡರೆ ಗುರಿ ಕೂಡಿತೆಂದು ಅರ್ಥ. ಇವೆರಡಕ್ಕೂ ಸೇರಿ 'ಸೈಟ್' ಎಂದು ಹೆಸರು (ಮನೆ ಕಟ್ಟುವ ಸೈಟ್ ಅಲ್ಲ!). ಕತ್ತಲಲ್ಲೂ ಕಾಣುವಂತೆ ಇವುಗಳಲ್ಲಿ ಬೆಳಗುವ ಚುಕ್ಕೆಗಳನ್ನು ಕೂರಿಸಿದರೆ ಅದು 'ನೈಟ್ ಸೈಟ್'.

ಅಮೆರಿಕದಲ್ಲಿ ಪಿಸ್ತೂಲು ಕೊಳ್ಳುವವರು ಈ ವಿಷಯದಲ್ಲಿ ಎರಡು ಪಂಗಡ. ಅಲ್ಲಿನ ಪೊಲೀಸರಲ್ಲಿ ಬಹಳ ಬಳಕೆಯಲ್ಲಿರುವ ಗ್ಲಾಕ್ ಪಿಸ್ತೂಲನ್ನೇ ನೋಡಿ. ಅದರ ಸಾಧಾರಣ ಮಾದರಿಗಳೊಡನೆ ಬರುವುದು ಪ್ಲಾಸ್ಟಿಕ್ ಸೈಟ್. ಹೆಚ್ಚು ಹಣ ತೆತ್ತರೆ ಕಾರ್ಖಾನೆಯಲ್ಲೇ ನೈಟ್ ಸೈಟ್ ಜೋಡಿಸಿದ ಪಿಸ್ತೂಲು ದೊರೆಯುತ್ತದೆ. ಇಲ್ಲವೇ ಟ್ರಿಜಿಕಾನ್, ಮೆಪ್ರೊಲೈಟ್, ಅಮೆರಿಗ್ಲೊ ಮುಂತಾದ ಹೊರಗಿನ ತಯಾರಕರ ಸೈಟ್ ತಂದು ಹಾಕಿಸಬಹುದು. ಕಾರ್ಖಾನೆಯದೇ ನಂಬಿಕಸ್ತ ಎಂದು ಕೆಲವರು, ಹೊರಗಿನದೇ ಪ್ರಕಾಶಮಾನ ಎಂದು ಕೆಲವರು ವಾದಿಸುತ್ತಾರೆ. ಈ ಎರಡೂ ವಾದಗಳನ್ನು ವಿಜ್ಞಾನದ ಒರೆಗೆ ಹಚ್ಚಿದರೆ ಏನು ಉಳಿಯುತ್ತದೆ?

ಮೊದಲು ಬೆಳಕಿನ ಮೂಲವನ್ನು ಗಮನಿಸೋಣ. ಎರಡರಲ್ಲೂ ಇರುವುದು ಒಂದೇ ಬಗೆಯ ದೀಪ: ಟ್ರಿಟಿಯಮ್ ಅನಿಲ ತುಂಬಿ ಬಾಯಿ ಮುಚ್ಚಿದ ಅತಿ ಸಣ್ಣ ಗಾಜಿನ ನಳಿಕೆ. ಟ್ರಿಟಿಯಮ್ ಎಂದರೆ ಹೈಡ್ರೊಜನ್ನಿನ ವಿಕಿರಣಪಟು ಐಸೊಟೋಪು. ಅದರ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳಿವೆ. ಅದು ಬೀಟಾ ಕಣವನ್ನು, ಅಂದರೆ ಎಲೆಕ್ಟ್ರಾನನ್ನು, ಹೊರಸೂಸಿ ಹೀಲಿಯಮ್-3 ಆಗಿ ಮಾರ್ಪಡುತ್ತದೆ. ನಳಿಕೆಯ ಒಳಗೋಡೆಗೆ ಸತುವಿನ ಸಲ್ಫೈಡಿನಂಥ ದೀಪ್ತಿವಸ್ತುವನ್ನು ಲೇಪಿಸಿರುತ್ತಾರೆ. ಎಲೆಕ್ಟ್ರಾನು ಬಡಿದಾಗ ಲೇಪ ಬೆಳಗುತ್ತದೆ. ಬ್ಯಾಟರಿ ಬೇಡ, ಹಗಲಿನ ಬಿಸಿಲಿಗೆ ಒಡ್ಡುವುದೂ ಬೇಡ.

ವಿಕಿರಣವೆಂದೊಡನೆ ಹೆದರಿಕೆ ಸಹಜ. ಟ್ರಿಟಿಯಮ್ಮಿನ ಬೀಟಾ ಕಣದ ಗರಿಷ್ಠ ಶಕ್ತಿ 18.6 ಕಿಲೊ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಗಾಳಿಯಲ್ಲಿ ಅದು ಸುಮಾರು 6 ಮಿಲಿಮೀಟರ್‌ಗಿಂತ ಮುಂದೆ ಹೋಗದು. ನಳಿಕೆಯ ಗಾಜನ್ನಾಗಲಿ ನಮ್ಮ ಚರ್ಮದ ಮೇಲಿನ ನಿರ್ಜೀವ ಪದರವನ್ನಾಗಲಿ ದಾಟದು. ಅಪಾಯವಿರುವುದು ಅದು ದೇಹದೊಳಕ್ಕೆ ಹೋದಾಗ, ಮುಖ್ಯವಾಗಿ ನೀರಿನ ರೂಪದಲ್ಲಿ. ನಮ್ಮ ಕೈಗಾ ಪರಮಾಣು ವಿದ್ಯುತ್ ಸ್ಥಾವರದಲ್ಲಿ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಮ್ ಇದ್ದ ಭಾರಜಲ ಸೇರಿ ನೌಕರರು ಆತಂಕಕ್ಕೆ ಒಳಗಾದದ್ದು ಓದುಗರಿಗೆ ನೆನಪಿರಬಹುದು. ಮುಚ್ಚಿದ ನಳಿಕೆಯ ಸ್ಥಿತಿ ಬೇರೆ. ಅದು ಒಡೆದರೂ ಒಳಗಿರುವುದು ಅಲ್ಪ ಅನಿಲ. ಕಿಟಕಿ ತೆರೆದು ಗಾಳಿಯಾಡಲು ಬಿಟ್ಟು, ಮುರಿದ ಚೂರನ್ನು ಬರಿಗೈಯಿಂದ ಮುಟ್ಟದೆ, ಆಮೇಲೆ ಕೈ ತೊಳೆಯುವುದು ಕ್ರಮ.

ಹೊರಗಿನದೇ ಪ್ರಕಾಶಮಾನ ಎಂಬ ವಾದ ಎಡವುವುದು ಅರ್ಧಾಯುಷ್ಯದಲ್ಲಿ. ಟ್ರಿಟಿಯಮ್ಮಿನ ಅರ್ಧಾಯುಷ್ಯ 12.3 ವರ್ಷ. ವರ್ಷಕ್ಕೆ ಸುಮಾರು ಶೇಕಡಾ 5.5ರಷ್ಟು ಅನಿಲ ಕ್ಷಯಿಸುತ್ತದೆ. ನಳಿಕೆ ತುಂಬಿದ ಮೂರು ವರ್ಷದ ನಂತರ ಉಳಿಯುವುದು ಶೇ. 84, ಐದು ವರ್ಷಕ್ಕೆ ಶೇ. 75, ಹತ್ತು ವರ್ಷಕ್ಕೆ ಶೇ. 57. ಜೊತೆಗೆ ದೀಪ್ತಿವಸ್ತುವೂ ಸವೆಯುವುದರಿಂದ ಬೆಳಕು ಇದಕ್ಕಿಂತ ಬೇಗ ಕುಂದುತ್ತದೆ. ಈ ಗಡಿಯಾರಕ್ಕೆ ಕಂಪನಿಯ ಹೆಸರು ಗೊತ್ತಿಲ್ಲ, ಕೊಂಡ ದಿನಾಂಕವೂ ಗೊತ್ತಿಲ್ಲ. ನಳಿಕೆ ತುಂಬಿದ ದಿನದಿಂದ ಅದು ನಡೆಯುತ್ತಲೇ ಇರುತ್ತದೆ. ಅಂಗಡಿಯ ಕಪಾಟಿನಲ್ಲಿ ಮೂರು ವರ್ಷ ಕುಳಿತ 'ಹೊಸ' ಪಿಸ್ತೂಲಿನ ಸೈಟ್ ಮೂರು ವರ್ಷ ಹಳೆಯದೇ. ಮೂರು ವರ್ಷ ಪೆಟ್ಟಿಗೆಯಲ್ಲಿದ್ದ ಹೊರಗಿನ ಸೈಟ್ ಕೂಡ ಅಷ್ಟೇ ಹಳೆಯದು. ಅಮೆರಿಕದ ಪೊಲೀಸ್ ಇಲಾಖೆಗಳು ಹಿಂದಿರುಗಿಸಿ ಮಾರಾಟಕ್ಕೆ ಬರುವ ಪಿಸ್ತೂಲುಗಳಲ್ಲಿ ನೈಟ್ ಸೈಟ್ ಇದ್ದರೂ ಮಂಕಾಗಿರುವುದಕ್ಕೆ ಕಾರಣ ಇದೇ.

ಕಾರ್ಖಾನೆಯ ಸೈಟಿಗೆ ಒಂದು ನಿಜವಾದ ಅನುಕೂಲವಿದೆ. ಅದರ ಎತ್ತರ, ಜೋಡಣೆ ಆ ಪಿಸ್ತೂಲಿಗೆ ಹೊಂದಿಕೊಂಡಿರುತ್ತವೆ. ಹೊರಗಿನದನ್ನು ಹಾಕಿಸುವಾಗ ತಕ್ಕ ಸಲಕರಣೆಯಿಂದ ಹಿಂದಿನ ತುಂಡನ್ನು ಗಾಡಿಯೊಳಕ್ಕೆ ಒತ್ತಿ ನಡುಮಧ್ಯಕ್ಕೆ ತರಬೇಕು. ಸುತ್ತಿಗೆಯಿಂದ ಬಡಿದರೆ ನಳಿಕೆ ಬಿರುಕು ಬಿಟ್ಟೀತು. ನಿಖರತೆ ಎಷ್ಟು ಬೇಕೆಂಬುದಕ್ಕೆ ಒಂದು ಸರಳ ಲೆಕ್ಕ: ಎರಡು ಗುರುತುಗಳ ನಡುವಿನ ಅಂತರ ಸುಮಾರು 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹಿಂದಿನದು 1 ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 6.7 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ.

ಹೊರಗಿನ ಕೆಲವು ಸೈಟ್‌ಗಳ ಅನುಕೂಲ ಬೆಳಕಿನ ಪ್ರಮಾಣದಲ್ಲಿಲ್ಲ, ವಿನ್ಯಾಸದಲ್ಲಿದೆ. ಹಳೆಯ ಪದ್ಧತಿಯಲ್ಲಿ ಮುಂದೆ ಒಂದು, ಹಿಂದೆ ಎರಡು, ಒಟ್ಟು ಮೂರು ಚುಕ್ಕೆಗಳು ಸಮನಾಗಿ ಹೊಳೆಯುತ್ತವೆ. ಕತ್ತಲಲ್ಲಿ ಕಡ್ಡಿಯಾಗಲಿ ಕಚ್ಚಾಗಲಿ ಕಾಣುವುದಿಲ್ಲ, ಮೂರು ಚುಕ್ಕೆಗಳಷ್ಟೇ ಕಾಣುತ್ತವೆ. ಗಾಬರಿಯಲ್ಲಿರುವವನು ಹಿಂದಿನ ಚುಕ್ಕೆಯನ್ನೇ ಮುಂದಿನದೆಂದು ತಿಳಿಯುವ ಸಂಭವವುಂಟು. ಆಗ ತಪ್ಪು ಮಿಲಿಮೀಟರುಗಳ ಲೆಕ್ಕದ್ದಲ್ಲ, ಗುರಿಯೇ ಪೂರಾ ತಪ್ಪುತ್ತದೆ. ಆದ್ದರಿಂದ ಹಿಂದಿನ ಚುಕ್ಕೆಗಳನ್ನು ಮಂಕಾಗಿಸಿರುವ ಅಥವಾ ಕೈಬಿಟ್ಟಿರುವ, ಮುಂದಿನ ಚುಕ್ಕೆಯ ಸುತ್ತ ಹಗಲಲ್ಲೂ ಎದ್ದು ಕಾಣುವ ಬಣ್ಣದ ಬಳೆ ಇರುವ ಸೈಟ್ ಮೇಲು. ದೀಪದ ಬಣ್ಣದಲ್ಲಿ ಹಸಿರೇ ಲೇಸು. ಮಂದ ಬೆಳಕಿಗೆ ಹೊಂದಿಕೊಂಡ ಕಣ್ಣು ನೀಲಿ-ಹಸಿರಿಗೆ ಹೆಚ್ಚು ಸಂವೇದಿ, ಕೆಂಪು-ಕಿತ್ತಳೆಗೆ ಕಡಿಮೆ. ಇಂಥ ವಿನ್ಯಾಸವನ್ನು ಕಾರ್ಖಾನೆಯೇ ಜೋಡಿಸಿ ಕೊಟ್ಟರೆ ಹೊರಗೆ ಹುಡುಕುವ ಅಗತ್ಯವಿಲ್ಲ.

ಎರಡೂ ಪಂಗಡದವರು ಮರೆಯುವ ಒಂದು ಸಂಗತಿಯಿದೆ. ನೈಟ್ ಸೈಟ್ ಬೆಳಗುವುದು ತನ್ನನ್ನು ಮಾತ್ರ. ಎದುರಿಗಿರುವುದು ಕಳ್ಳನೋ, ನೀರು ಕುಡಿಯಲು ಎದ್ದ ಮನೆಮಗನೋ ಎಂಬುದನ್ನು ಅದು ತಿಳಿಸದು. ಕಗ್ಗತ್ತಲಲ್ಲಿ ಚುಕ್ಕೆಗಳು ಚೆನ್ನಾಗಿ ಕಾಣುತ್ತವೆ, ಎದುರಿರುವ ವ್ಯಕ್ತಿ ಕಾಣುವುದಿಲ್ಲ. ಟಾರ್ಚು ಹಾಕಿದರೆ ವ್ಯಕ್ತಿ ಕಾಣುತ್ತಾನೆ, ಆದರೆ ಆ ಬೆಳಕಿನೆದುರು ಕಪ್ಪು ಕಡ್ಡಿಯೇ ಸ್ಪಷ್ಟವಾಗಿ ತೋರುವುದರಿಂದ ಚುಕ್ಕೆಗಳಿಗೆ ಕೆಲಸವಿಲ್ಲ. ವ್ಯಕ್ತಿಯ ಗುರುತು ಸಿಗುವಷ್ಟು, ಆದರೆ ಕಪ್ಪು ಕಡ್ಡಿ ಕಾಣದಷ್ಟು ಬೆಳಕಿರುವ ಮುಸ್ಸಂಜೆಯಂಥ ಸ್ಥಿತಿಯಲ್ಲಿ ಮಾತ್ರ ನೈಟ್ ಸೈಟಿನ ಉಪಯೋಗ. 'ಕತ್ತಲಲ್ಲೂ ಗುರಿ' ಎಂದು ಹೊಗಳಿ ಮಾರುವವರು ಈ ಮಿತಿಯನ್ನು ಹೇಳುವುದಿಲ್ಲ. ಹೇಳದಿದ್ದರೆ ನಷ್ಟ ಕೊಂಡವನದಷ್ಟೇ ಅಲ್ಲ, ಕತ್ತಲಲ್ಲಿ ಅವನೆದುರು ಬಂದ ನಿರಪರಾಧಿಯದೂ ಹೌದು.

ಹಾಗಾಗಿ ಕೊಳ್ಳುವವನು ಕೇಳಬೇಕಾದುದು ಕ್ರಮವಾಗಿ ನಾಲ್ಕು ಪ್ರಶ್ನೆ. ಗುರುತು ಹಿಡಿಯಲು ಟಾರ್ಚು ಇದೆಯೇ? ಮುಂದಿನ ಚುಕ್ಕೆ ಹಿಂದಿನವುಗಳಿಂದ ಬೇರೆಯಾಗಿ ಕಾಣುವುದೇ? ನಳಿಕೆ ತಯಾರಾದ ವರ್ಷ ಯಾವುದು? ಜೋಡಿಸಿದ ಮೇಲೆ ಪರೀಕ್ಷಿಸಿ ನೋಡಿದ್ದಾರೆಯೇ? ಇವಕ್ಕೆ ಸಮಾಧಾನಕರ ಉತ್ತರ ಸಿಕ್ಕಮೇಲೆ ಅದು ಕಾರ್ಖಾನೆಯದಾದರೂ ಸರಿ, ಹೊರಗಿನದಾದರೂ ಸರಿ.