ಬಲ–ಸಂವೇಗಗಳ ಹೇಳಿಕೆ ಲೆಕ್ಕ: ಒಂದು ವಿಮರ್ಶೆ

ಸಾಹಿತ್ಯ ಸಂಶೋಧನೆಗೆ ಮೀಸಲಾದ ಈ ಸ್ಮರಣ ಸಂಚಿಕೆಯಲ್ಲಿ ಭೌತಶಾಸ್ತ್ರದ ಲೆಕ್ಕಗಳನ್ನು ವಿಮರ್ಶೆಗೆ ಎತ್ತಿಕೊಂಡಿರುವುದನ್ನು ಕಂಡು ಕೆಲವು ಶಿಕ್ಷಕ ಬಂಧುಗಳು ಹುಬ್ಬೇರಿಸಬಹುದು. ಆದರೆ 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟ ಬೆಳ್ಳಾವೆ ವೆಂಕಟನಾರಣಪ್ಪನವರು ವೃತ್ತಿಯಿಂದ ಭೌತಶಾಸ್ತ್ರದ ಅಧ್ಯಾಪಕರು. 1918ರಲ್ಲಿ ಹೊರಟ 'ವಿಜ್ಞಾನ' ಮಾಸಪತ್ರಿಕೆಯ ಹಿಂದೆಯೂ ಅವರ ದುಡಿಮೆಯಿತ್ತು. ಕಾವ್ಯಕ್ಕೊಂದು ಓದು, ಲೆಕ್ಕಕ್ಕೊಂದು ಓದು ಎಂಬ ಭೇದ ಆ ಹಿರಿಯರಲ್ಲಿ ಇರಲಾರದು. ನಮ್ಮ ಅಭಿಪ್ರಾಯವೂ ಅದೇ. ಬಲ ಮತ್ತು ಸಂವೇಗಗಳ ಹೇಳಿಕೆ ಲೆಕ್ಕದಲ್ಲಿ ನಮ್ಮ ಮಕ್ಕಳು ಸೋಲುವುದು ಬಹುಮಟ್ಟಿಗೆ ಗಣಿತದಲ್ಲಿ ಅಲ್ಲ, ಓದಿನಲ್ಲಿ. ಆ ಓದನ್ನು ಕಲಿಸದೆ ಇದ್ದವರು ನಾವು.

ಮೊದಲು ಒಂದು ಸಾಮಾನ್ಯ ಲೆಕ್ಕವನ್ನು ನೋಡೋಣ. 200 ಗ್ರಾಂ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಿಂದ ಗೋಡೆಗೆ ಬಡಿದು, 8 ಮೀಟರ್ ವೇಗದಿಂದ ಹಿಂದಿರುಗಿತು. ಸಂವೇಗದ ಬದಲಾವಣೆ ಎಷ್ಟು? 9ನೆಯ ಇಯತ್ತೆಯಲ್ಲಿ ಇದನ್ನು ಫಲಕದ ಮೇಲೆ ಬರೆದಾಗಲೆಲ್ಲ ಹೆಚ್ಚಿನ ಪಾಟಿಗಳಲ್ಲಿ ನಾವು ಕಂಡದ್ದು 0.4 ಎಂಬ ಉತ್ತರ. ಹತ್ತರಲ್ಲಿ ಎಂಟು ಕಳೆದು ಎರಡು, ಎರಡನ್ನು 0.2ರಿಂದ ಗುಣಿಸಿದರೆ 0.4. ಗುಣಾಕಾರ, ವ್ಯವಕಲನಗಳಲ್ಲಿ ದೋಷವಿಲ್ಲ. ದೋಷವಿರುವುದು 'ಹಿಂದಿರುಗಿತು' ಎಂಬ ಕ್ರಿಯಾಪದವನ್ನು ಓದದೆ ಬಿಟ್ಟಲ್ಲಿ. ಆ ಪದದ ಹೊಟ್ಟೆಯಲ್ಲಿ ಒಂದು ಋಣಚಿಹ್ನೆ ಅಡಗಿದೆ. ಚೆಂಡು ಗೋಡೆಯ ಬಳಿ ನಿಂತುಬಿಟ್ಟಿದ್ದರೂ ಬದಲಾವಣೆ 2 ಏಕಮಾನ ಆಗುತ್ತಿತ್ತು. ಗೋಡೆಯು ಅದನ್ನು ನಿಲ್ಲಿಸಿದ್ದಲ್ಲದೆ ತಿರುಗಿಸಿಯೂ ಕಳಿಸಿದೆ, ಅದಕ್ಕೆ ಇನ್ನೂ 1.6. ಒಟ್ಟು 3.6. ಸ್ಪರ್ಶದ ಕಾಲ 0.02 ಸೆಕೆಂಡು ಎಂದಿಟ್ಟುಕೊಂಡರೆ ಗೋಡೆಯ ಸರಾಸರಿ ಬಲ 180 ನ್ಯೂಟನ್. ತಪ್ಪು ಓದಿನಲ್ಲಿ ಬರುವುದು 20. ಒಂದು ಕ್ರಿಯಾಪದವನ್ನು ಕಡೆಗಣಿಸಿದ್ದರಿಂದ ಬಲವು ಒಂಬತ್ತರಲ್ಲೊಂದು ಪಾಲಿಗೆ ಇಳಿಯಿತು!

ಎರಡನೆಯದು 'ತೂಕ' ಎಂಬ ಶಬ್ದದ ತೊಡಕು. ಸಂತೆಯಲ್ಲಿ 50 ಕಿಲೋ ಜೋಳದ ಚೀಲದ ತೂಕ 50 ಕಿಲೋ ಎಂದೇ ಎಲ್ಲರೂ ಹೇಳುವರು, ನಾವೂ ಹೇಳುವೆವು. ಭೌತಶಾಸ್ತ್ರದಲ್ಲಿ 50 ಕಿಲೋಗ್ರಾಂ ಅದರ ದ್ರವ್ಯರಾಶಿ. ತೂಕವೆಂಬುದು ಭೂಮಿಯು ಅದನ್ನು ಸೆಳೆಯುವ ಬಲ, ಸುಮಾರು 490 ನ್ಯೂಟನ್. ಸಂತೆಯ ಮಾತನ್ನು ತಪ್ಪೆಂದು ಹಳಿಯಬೇಕಾಗಿಲ್ಲ. ಶಬ್ದ ಒಂದೇ ಇದ್ದು ಅರ್ಥ ಬೇರೆಯಾಗಿದೆ ಎಂದು ತಿಳಿಸಿದರೆ ಸಾಕು; ನಾನಾರ್ಥಗಳನ್ನು ಪದ್ಯದಲ್ಲಿ ನಾವು ದಿನವೂ ಬಿಡಿಸುತ್ತೇವಷ್ಟೆ. ಹಾಗೆ ಬಿಡಿಸದಿದ್ದರೆ ಏನಾಗುತ್ತದೆ? ಬಾವಿಯಿಂದ 10 ಕಿಲೋಗ್ರಾಂ ಕೊಡವನ್ನು ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್ ವೇಗೋತ್ಕರ್ಷದಿಂದ ಮೇಲೆಳೆಯಲು ಬೇಕಾದ ಬಲ ಕೇಳಿದರೆ, ಹುಡುಗರು ಹತ್ತನ್ನು ಒಂದರಿಂದ ಗುಣಿಸಿ '10 ನ್ಯೂಟನ್' ಎಂದು ಬರೆದು ಕೈ ಕಟ್ಟುತ್ತಾರೆ. ಅಷ್ಟು ಬಲದಿಂದ ಒಂದು ಕಿಲೋವಿಗಿಂತ ತುಸು ಹೆಚ್ಚಿನದನ್ನು ತೂಗಿಹಿಡಿಯಬಹುದು, ಅಷ್ಟೆ. ಸಮವೇಗದಿಂದ ಎಳೆಯುವುದಕ್ಕೇ 98 ಬೇಕು; ವೇಗವನ್ನು ಏರಿಸಲು ಇನ್ನೂ 10; ಒಟ್ಟು 108. ಬೇಸಿಗೆಯಲ್ಲಿ ನೀರು ಸೇದಿದ ಹುಡುಗನ ತೋಳಿಗೆ ಇದು ಗೊತ್ತು. ತೋಳು ಬಲ್ಲದ್ದನ್ನು ಲೇಖಣಿಯು ಮರೆಯುವಂತೆ ಮಾಡಿದ್ದು ನಮ್ಮ 'ಸೂತ್ರದಲ್ಲಿ ಬೆಲೆ ತುಂಬು' ಎಂಬ ಪಾಠಕ್ರಮ.

ಮೂರನೆಯ ಸಂಗತಿಯನ್ನು ಬರೆಯಲು ನಮಗೆ ಸಂಕೋಚವಿದೆ, ಆದರೂ ಬರೆಯಬೇಕು. ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಎತ್ತು ಬಂಡೀನ ಎಷ್ಟು ಎಳೀತದೋ ಬಂಡೀನೂ ಎತ್ತನ್ನ ಅಷ್ಟೇ ಹಿಂದಕ್ಕ ಎಳೀತದ ಅಂದ್ರ ಬಂಡಿ ಮುಂದ ಹ್ಯಾಂಗ ಹೋಗ್ತದ?" ಎಂದಳು. ಪರೀಕ್ಷೆ ಹತ್ತಿರವಿತ್ತು. "ಅದು ಪರೀಕ್ಷೆಗೆ ಬರೂದಿಲ್ಲ, ಕೂಡು" ಎಂದೆವು. ಅವಳು ಕುಳಿತಳು, ಆ ವರ್ಷ ಮತ್ತೆ ಏಳಲಿಲ್ಲ.

ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಮೂರನೆಯ ನಿಯಮಕ್ಕೆ ಕೊಟ್ಟ ದೃಷ್ಟಾಂತವೇ ಹಗ್ಗ ಕಟ್ಟಿ ಕಲ್ಲೆಳೆಯುವ ಕುದುರೆಯದು. ಅಂದರೆ ಆ ಹುಡುಗಿ ಕೇಳಿದ್ದು ಪಾಠದ ತಿರುಳನ್ನೇ. ಅದಕ್ಕೆ ಉತ್ತರ ನಮ್ಮ ವ್ಯಾಕರಣದ ತಾಸಿನಲ್ಲಿಯೇ ಇತ್ತು. 'ಎತ್ತು ಬಂಡಿಯನ್ನು ಎಳೆಯುತ್ತದೆ' – ಇಲ್ಲಿ ಕರ್ತೃ ಎತ್ತು, ಕರ್ಮ ಬಂಡಿ. 'ಬಂಡಿ ಎತ್ತನ್ನು ಎಳೆಯುತ್ತದೆ' – ಇಲ್ಲಿ ಕರ್ತೃ, ಕರ್ಮಗಳು ಅದಲುಬದಲಾಗಿವೆ. ಎರಡು ಬಲಗಳು ಸಮವಾಗಿದ್ದರೂ ಕರ್ಮಪದಗಳು ಬೇರೆ ಬೇರೆ. ಆದುದರಿಂದ ಒಂದನ್ನೊಂದು ಅಳಿಸಲಾರವು. ಬಂಡಿಯ ಚಲನೆ ಬೇಕಾದರೆ 'ಬಂಡಿಯನ್ನು' ಎಂಬ ದ್ವಿತೀಯಾ ವಿಭಕ್ತಿಯುಳ್ಳ ವಾಕ್ಯಗಳನ್ನಷ್ಟೇ ಕೂಡಿಸಬೇಕು: ಎತ್ತು ಬಂಡಿಯನ್ನು ಮುಂದಕ್ಕೆಳೆಯುತ್ತದೆ, ನೆಲದ ಘರ್ಷಣೆ ಬಂಡಿಯನ್ನು ಹಿಂದಕ್ಕೆ ತಡೆಯುತ್ತದೆ. ಮೊದಲನೆಯದು ಹೆಚ್ಚಾದರೆ ನಿಂತ ಬಂಡಿ ಹೊರಡುತ್ತದೆ. ಎತ್ತು ಮುಂದೆ ಹೋಗುವುದಾದರೂ ಹೇಗೆ? ಗೊರಸು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲವು ಎತ್ತನ್ನು ಮುಂದಕ್ಕೆ ಒತ್ತುತ್ತದೆ. ನಮ್ಮ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಹಗಲಿರುಳು ನಡೆದು ಬರುವ ಭಕ್ತರ ಒಂದೊಂದು ಹೆಜ್ಜೆಯಲ್ಲಿಯೂ ಇದೇ ನಿಯಮವಿದೆ.

ಇನ್ನು ಲೆಕ್ಕ ರಚಿಸುವವರ ವಿಷಯ. ಮಂಜುಗಡ್ಡೆಯ ಮೇಲೆ ಜಾರುವವರನ್ನು ಕಾಣದ ಮಕ್ಕಳಿಗೆ ಬಂಡಿಯ ಲೆಕ್ಕ ಕೊಡುವುದು ಸ್ತುತ್ಯವೇ. ಆದರೆ ಬರಿಯ ಹೆಸರು ಬದಲಿಸಿದರೆ ಭಾಷೆ ನಮ್ಮದಾದೀತು, ಶಾಸ್ತ್ರ ಸುಳ್ಳಾದೀತು. ಸೆಕೆಂಡಿಗೆ 2 ಮೀಟರ್ ವೇಗದಿಂದ ಸಾಗುವ 450 ಕಿಲೋಗ್ರಾಂ ಬಂಡಿಯೊಳಗೆ 50 ಕಿಲೋಗ್ರಾಂ ಚೀಲ ನೆಟ್ಟಗೆ ಮೇಲಿನಿಂದ ಬಿದ್ದರೆ ವೇಗ 1.8 ಆಗುವುದೆಂಬ ಉತ್ತರ, ಬಂಡಿ ತಾನೇ ಉರುಳುತ್ತಿದ್ದು, ಹೊರಗಿನ ಬಲಗಳನ್ನು ಅಲಕ್ಷಿಸಬಹುದಾದ ಆ ಕ್ಷಣಕ್ಕೆ ಮಾತ್ರ ಸಲ್ಲುತ್ತದೆ. ಎತ್ತುಗಳು ಎಳೆಯುತ್ತಿದ್ದರೆ, ಗಾಲಿ ಕೆಸರಿನಲ್ಲಿ ಹೂತಿದ್ದರೆ ಸಂವೇಗವು ಉಳಿಯುವುದಿಲ್ಲ. ಈ ಷರತ್ತನ್ನು ಹೇಳದ ಲೆಕ್ಕವು ಅನ್ವಯಿಸಲಾಗದ ವಾಕ್ಯದಂತೆ ಅಪೂರ್ಣವಾದುದು.

ಗಡಿಭಾಗದಲ್ಲಿ ಈ ಓದಿಗೆ ಇನ್ನೂ ಒಂದು ಕಾರಣವುಂಟು. ನಮ್ಮ ಮಗು ಶಾಲೆಯಲ್ಲಿ 'ವೇಗೋತ್ಕರ್ಷ', 'ದ್ರವ್ಯರಾಶಿ' ಎಂದು ಕಲಿಯುತ್ತದೆ. ನೆರೆಯ ಮರಾಠಿ ಶಾಲೆಯ ಗೆಳೆಯನು 'ತ್ವರಣ', 'ವಸ್ತುಮಾನ' ಎನ್ನುತ್ತಾನೆ. ವಿಜ್ಞಾನ ಶಾಖೆಗೆ ಹೋದವರ ಮುಂದಿನ ಪುಸ್ತಕ ಇಂಗ್ಲಿಷಿನದು. ಶಬ್ದವನ್ನು ಮಾತ್ರ ಬಾಯಿಪಾಠ ಮಾಡಿದವನು ಪ್ರತಿ ಹೊಸ್ತಿಲಲ್ಲಿಯೂ ಎಡವುತ್ತಾನೆ. ಅರ್ಥವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹಿಡಿದವನಿಗೆ ಹೊಸ ಶಬ್ದವು ಹಳೆಯ ಪರಿಚಿತನ ಇನ್ನೊಂದು ಹೆಸರಾಗಿ ಕಾಣುತ್ತದೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಸೂತ್ರವನ್ನು ಬರೆಯುವ ಮೊದಲು ಮಕ್ಕಳಿಂದ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲಿ ಪೂರ್ಣ ವಾಕ್ಯದ ಉತ್ತರ ಪಡೆಯಿರಿ: ನಾವು ನೋಡುತ್ತಿರುವುದು ಯಾವ ವಸ್ತುವನ್ನು? ಅದರ ಮೇಲೆ ಯಾರು ಯಾರು ಬಲ ಹಾಕುತ್ತಿದ್ದಾರೆ? ಯಾವ ದಿಕ್ಕನ್ನು ಧನವೆಂದು ಹಿಡಿದಿದ್ದೇವೆ? ಇದಕ್ಕೆ ತಾಸಿನಲ್ಲಿ ಹತ್ತು ನಿಮಿಷ ಹೆಚ್ಚು ಬೇಕು, ಒಂದೆರಡು ಲೆಕ್ಕ ಕಡಿಮೆಯಾದೀತು. ಆಗಲಿ. ಎದ್ದು ನಿಂತ ಮಗುವನ್ನು ಕೂಡಿಸಿ ಉಳಿಸಿಕೊಂಡ ಆ ಹತ್ತು ನಿಮಿಷಗಳಿಂದ ನಮಗೆ ದೊರೆತ ಲಾಭ ಏನೆಂಬುದನ್ನು ಮೇಲೆ ಹೇಳಿಯೇ ಇದ್ದೇವೆ.