ಮುಂಗಡವೆಂಬ ಸರಪಳಿ: ‘ಮಾನವ ಕಳ್ಳಸಾಗಣೆ ಕುರಿತ ಪಾಲನಾ ಮಾರ್ಗಸೂಚಿಗಳ’ ಒಂದು ಓದು

ವ್ಯಾಟಿಕನ್ನಿನ ವಲಸಿಗರು ಮತ್ತು ನಿರಾಶ್ರಿತರ ವಿಭಾಗವು 2019ರಲ್ಲಿ ಹೊರತಂದ ಈ ಮಾರ್ಗಸೂಚಿಗಳನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಓದಿದಾಗ, ಅವು ಹೇಳಿದ್ದರಲ್ಲಿ ಬಹಳ ಕಡಿಮೆಯನ್ನು ನಾವು ಸ್ವೀಕರಿಸಿದ್ದೇವೆ ಎನ್ನಿಸುತ್ತದೆ. ಅವು ಬೇಡಿಕೆಯ ಬಗ್ಗೆ, ವ್ಯಾಪಾರದ ಬಗ್ಗೆ, ಅಗ್ಗದ ಸರಕಿನ ಹಿಂದಿರುವ ದುಡಿಮೆಯ ಬಗ್ಗೆ ಮಾತನಾಡುತ್ತವೆ. ನಮ್ಮ ಧರ್ಮಕೇಂದ್ರಗಳನ್ನು ತಲುಪಿದ್ದು 2015ರಿಂದ ಆಚರಿಸುತ್ತಿರುವ ಫೆಬ್ರವರಿ 8ರ ಪ್ರಾರ್ಥನಾ ದಿನ ಮಾತ್ರ.

ಅಂದು ಸಂತ ಜೋಸೆಫಿನ್ ಬಖಿತಾಳ ಸ್ಮರಣೆ. ಬಾಲ್ಯದಲ್ಲೇ ಸೂಡಾನಿನಲ್ಲಿ ಅಪಹೃತಳಾಗಿ, ಹಲವು ಬಾರಿ ಮಾರಾಟವಾಗಿ, 1889ರಲ್ಲಿ ಇಟಲಿಯ ನ್ಯಾಯಾಲಯದಿಂದ ಸ್ವತಂತ್ರಳೆನಿಸಿಕೊಂಡವಳು ಆಕೆ. ಆದರೆ ಪ್ರಬೋಧನೆಗಳಲ್ಲಿ ಅದೊಂದೇ ಮಾದರಿಯಾದಾಗ, ಅಪರಿಚಿತನೊಬ್ಬನು ಮಗುವನ್ನು ಹೊತ್ತೊಯ್ಯುವ ಚಿತ್ರವಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ. ಕಲಬುರಗಿ ಸೀಮೆಯ ಗುಳೆ ಹಾಗಲ್ಲ. ಮುಕಾದಮನು ಹಾಡಹಗಲೇ ಬರುತ್ತಾನೆ; ಅನೇಕ ವೇಳೆ ಅದೇ ಊರಿನವನು, ಅದೇ ತಾಂಡಾದವನು. ಮುಂಗಡ ಎಣಿಸಿ ಕೊಡುತ್ತಾನೆ. ದಸರಾ ದೀಪಾವಳಿಗಳ ಹೊತ್ತಿಗೆ ಕುಟುಂಬವು ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ ಹೊರಡುತ್ತದೆ. ಅಲ್ಲಿ ಗಂಡಹೆಂಡಿರನ್ನು ಸೇರಿಸಿ ‘ಒಂದು ಕೋಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ದೇವರ ಪ್ರತಿರೂಪದ ಕುರಿತು ಪಾಠ ಹೇಳುವಾಗ ಈ ಎಣಿಕೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಎಲ್ಲ ಗುಳೆಯೂ ಕಳ್ಳಸಾಗಣೆಯಲ್ಲ; ಹಾಗೆನ್ನುವುದು ಅತಿರೇಕ. ಆದರೆ ತೀರದ ಮುಂಗಡ ಮುಂದಿನ ವರ್ಷದ ಲೆಕ್ಕಕ್ಕೆ ಸೇರಿ, ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವೇ ಇಲ್ಲವಾದರೆ ಅದು ಜೀತವೇ ಸರಿ. ಸಂವಿಧಾನದ 23ನೆಯ ವಿಧಿಯು ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ಜೊತೆಜೊತೆಗೇ ನಿಷೇಧಿಸಿದೆ. ಹಸಿವು ಬಡತನಗಳ ಒತ್ತಡವೂ ಬಲವಂತವೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ತೀರ್ಪಿತ್ತಿದೆ. ನಮ್ಮ ನೈತಿಕ ದೈವಶಾಸ್ತ್ರದ ತರಗತಿಗಳು ಇನ್ನೂ ಅಲ್ಲಿಗೆ ಬಂದು ಮುಟ್ಟಿಲ್ಲ.

ಬಿಡುಗಡೆ ಎಂದೊಡನೆ ನಾವು ವಿಮೋಚನಾಕಾಂಡವನ್ನು ತೆರೆಯುತ್ತೇವೆ. ಅಲ್ಲಿ ಫರೋಹನು ಪರಕೀಯ. ಈ ತಾಲ್ಲೂಕುಗಳಿಗೆ ಹೆಚ್ಚು ಹತ್ತಿರವಾದುದು ನೆಹೆಮೀಯನ ಗ್ರಂಥದ 5ನೆಯ ಅಧ್ಯಾಯ. ಬರಗಾಲದಲ್ಲಿ ಹೊಲಗಳು ಒತ್ತೆ ಬಿದ್ದಿವೆ, ಮಕ್ಕಳು ದಾಸ್ಯಕ್ಕೆ ಹೋಗಿದ್ದಾರೆ, ಸಾಲ ಕೊಟ್ಟವರು ಸ್ವಜನರೇ. ನೆಹೆಮೀಯನು ಶ್ರೀಮಂತರನ್ನು ಗದರಿಸುವುದಷ್ಟೇ ಅಲ್ಲ, ತಾನೂ ತನ್ನ ಸಹೋದರರೂ ಸಾಲ ಕೊಟ್ಟವರೆಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಆಚರಣೆಯಲ್ಲಿ ಇಲ್ಲದಿರುವುದು ಈ ಒಪ್ಪಿಗೆ. ಚರ್ಚು, ಶಾಲೆ, ವಸತಿನಿಲಯಗಳನ್ನು ನಾವೂ ಕಟ್ಟಿಸುತ್ತೇವೆ. ಗುತ್ತಿಗೆದಾರ ಕರೆತಂದ ಕೂಲಿಗಳ ತಲೆಯ ಮೇಲೆ ಎಷ್ಟು ಮುಂಗಡವಿದೆ ಎಂದು ವಿಚಾರಿಸಿದವರು ಎಷ್ಟು ಮಂದಿ? ಕಟ್ಟಡವೊಂದರ ಉಸ್ತುವಾರಿ ಹೊತ್ತಿದ್ದಾಗ ನಾನು ಸಿಮೆಂಟಿನ ಚೀಲಗಳನ್ನು ಎಣಿಸಿದೆ, ಇದನ್ನು ಕೇಳಲಿಲ್ಲ.

ದಿನಾಂಕದ ಮಾತೂ ಉಂಟು. ಫೆಬ್ರವರಿ 8 ಕಬ್ಬಿನ ಹಂಗಾಮಿನ ನಡುವೆ ಬರುತ್ತದೆ. ಯಾರಿಗಾಗಿ ಪ್ರಾರ್ಥಿಸುತ್ತೇವೆಯೋ ಅವರು ಆಗ ಊರಿನಲ್ಲೇ ಇರುವುದಿಲ್ಲ; ಮರಳುವುದು ಯುಗಾದಿಯ ಸುಮಾರಿಗೆ. ಮುಂಗಡ ಕೈಸೇರುವ ಮಳೆಗಾಲದ ತಿಂಗಳುಗಳಲ್ಲಿ ಗುರುವೋ ಧರ್ಮಭಗಿನಿಯೋ ತಾಂಡಾದಲ್ಲಿ ಕುಳಿತು ಮುಕಾದಮನ ಲೆಕ್ಕದ ಪುಸ್ತಕವನ್ನು ಆ ಕುಟುಂಬಕ್ಕೆ ಓದಿ ಹೇಳಬಲ್ಲರಾದರೆ, ಮಾರ್ಗಸೂಚಿಗಳ ಓದು ಅಲ್ಲಿಂದ ಆರಂಭವಾದೀತು.