ಅಂಕ ಮತ್ತು ಓದು: ಕನ್ನಡ ಸಂಶೋಧನೆಯ ಮೌಲ್ಯಮಾಪನ

ಸಂಶೋಧನೆಯೊಂದರ ಬೆಲೆಯನ್ನು ಯಾರು ಕಟ್ಟಬೇಕು, ಯಾವ ಅಳತೆಗೋಲಿನಿಂದ ಕಟ್ಟಬೇಕು ಎಂಬ ಪ್ರಶ್ನೆ ಕನ್ನಡ ಅಧ್ಯಯನ ವಲಯದಲ್ಲಿ ದೀರ್ಘಕಾಲ ಪ್ರತ್ಯೇಕವಾಗಿ ಎದ್ದಿರಲಿಲ್ಲ. ಬರೆಯುವವರು ಕೆಲವರು, ಓದಿ ವಿಮರ್ಶಿಸುವವರೂ ಬಹುಮಟ್ಟಿಗೆ ಅದೇ ಕೆಲವರು. 1916ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಆರಂಭವಾದ 'ಪ್ರಬುದ್ಧ ಕರ್ಣಾಟಕ'ಗಳಲ್ಲಿ ಕವಿಕಾಲ ನಿರ್ಣಯ, ಶಾಸನಪಾಠ, ಪಾಠಾಂತರಗಳ ಕುರಿತು ನಡೆದ ಚರ್ಚೆಯೇ ಮೌಲ್ಯಮಾಪನವೂ ಆಗಿತ್ತು. ಕಳೆದ ಹದಿನೈದು ವರ್ಷಗಳಲ್ಲಿ ಆ ಸ್ಥಾನವನ್ನು ಅಂಕಪಟ್ಟಿ ಆಕ್ರಮಿಸಿತು. ಈ ಬದಲಾವಣೆಯಿಂದ ಕನ್ನಡ ಸಂಶೋಧನೆಗೆ ಆದ ನಷ್ಟವೇನು, ಈಗ ಒದಗಿರುವ ಅವಕಾಶವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯ ಮೂಲಕ ಅಧ್ಯಾಪಕರ ನೇಮಕಾತಿ ಮತ್ತು ಪದೋನ್ನತಿಗಳಿಗೆ ಶೈಕ್ಷಣಿಕ ಸಾಧನಾ ಸೂಚಕವೆಂಬ ಅಂಕಪದ್ಧತಿಯನ್ನು ಜಾರಿಗೆ ತಂದಿತು. ತಜ್ಞ ಪರಿಶೀಲನೆಗೆ ಒಳಗಾದ ಪತ್ರಿಕೆಯ ಒಂದು ಲೇಖನಕ್ಕೆ ಅದರಲ್ಲಿ 15 ಅಂಕ. ಸ್ಥಳೀಯ ಪ್ರಕಾಶಕರು ಹೊರತಂದ ಇಡೀ ಗ್ರಂಥಕ್ಕೂ 15 ಅಂಕ. ಅಂತರರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕಾದರೆ 50. 2018ರ ನಿಯಮಾವಳಿಯಲ್ಲಿಯೂ ಈ ದೃಷ್ಟಿ ಬದಲಾಗಲಿಲ್ಲ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಮಾನ್ಯ ಪತ್ರಿಕೆಯ ಲೇಖನಕ್ಕೆ 10 ಅಂಕ, ರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕೆ 10 ಅಂಕ, ಗ್ರಂಥಾನುವಾದಕ್ಕೆ 8 ಅಂಕವೆಂದು ಅದು ನಿಗದಿಪಡಿಸಿತು. ಹಲವು ತಾಳೆಗರಿ ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಒಂದು ಪ್ರಾಚೀನ ಕಾವ್ಯವನ್ನು ಪರಿಷ್ಕರಿಸಿಕೊಡಲು ಹತ್ತು ವರ್ಷ ಬೇಕಾಗಬಹುದು. ಆ ದುಡಿಮೆಯೂ ಹತ್ತು ಪುಟದ ಒಂದು ಲೇಖನವೂ ಈ ತಕ್ಕಡಿಯಲ್ಲಿ ಸಮತೂಕದವು. ಹೀಗಿರುವಾಗ ಯುವ ಸಂಶೋಧಕನು ಗ್ರಂಥಸಂಪಾದನೆಯನ್ನು ಬಿಟ್ಟು ಲೇಖನಗಳ ಬೆನ್ನುಹತ್ತಿದರೆ ಆತನನ್ನು ದೂಷಿಸುವುದು ನ್ಯಾಯವಲ್ಲ.

ಕನ್ನಡ ಸಂಶೋಧನೆಯ ಆಧಾರಸ್ತಂಭಗಳೆನಿಸಿದ ಕೃತಿಗಳನ್ನು ನೋಡಿದರೆ ಈ ಅಸಾಂಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳು 1886ರಿಂದ 1905ರವರೆಗೆ ಹೊರಬಂದವು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು. ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದರೆ ಎಂಟನೆಯದು 1995ರಲ್ಲಿ ಬಂದಿತು. ಶಾಸನ ಸಂಗ್ರಹ, ಕವಿಚರಿತ್ರೆ, ನಿಘಂಟು - ಇವು ಮೂರೂ ಲೇಖನದ ಚೌಕಟ್ಟಿಗೆ ಒಗ್ಗದ ಪ್ರಕಾರಗಳು. ಬಹುಜನರ ಸಹಕಾರದಿಂದ, ದಶಕಗಳ ತಾಳ್ಮೆಯಿಂದ ಆಗುವ ಇಂಥ ಕೆಲಸಕ್ಕೆ ವರ್ಷವರ್ಷದ ಲೆಕ್ಕ ಕೇಳುವ ಪದ್ಧತಿಯಲ್ಲಿ ಎಡೆಯೆಲ್ಲಿ?

ಉಲ್ಲೇಖಗಳನ್ನು ಎಣಿಸುವ ಕ್ರಮದಲ್ಲಿಯೂ ಇದೇ ತೊಡಕಿದೆ. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖ ಸೂಚಿಯ ಕಲ್ಪನೆಯನ್ನು ಮುಂದಿಟ್ಟಾಗ, ವಿಜ್ಞಾನಸಾಹಿತ್ಯದಲ್ಲಿ ಒಂದು ವಿಚಾರದ ಜಾಡನ್ನು ಹಿಡಿಯಲು ಓದುಗನಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. ಅದರಿಂದ ಮೂಡಿದ ಇಂಪ್ಯಾಕ್ಟ್ ಫ್ಯಾಕ್ಟರ್, ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಒಂದು ವರ್ಷದಲ್ಲಿ ಸಂದ ಉಲ್ಲೇಖಗಳ ಸರಾಸರಿ. ಗ್ರಂಥಾಲಯಕ್ಕೆ ಯಾವ ಪತ್ರಿಕೆ ತರಿಸಬೇಕೆಂದು ನಿರ್ಧರಿಸಲು ಇದು ಉಪಯುಕ್ತ. ಆದರೆ ಒಬ್ಬ ವ್ಯಕ್ತಿಯ ವಿದ್ವತ್ತನ್ನು ಅಳೆಯಲು ಅಲ್ಲ. 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಇದನ್ನೇ ಒತ್ತಿ ಹೇಳಿತು. ಸ್ಥಳೀಯವಾಗಿ ಪ್ರಸ್ತುತವಾದ ಸಂಶೋಧನೆಯ ಉತ್ಕೃಷ್ಟತೆಯನ್ನು ರಕ್ಷಿಸಬೇಕೆಂದು 2015ರ ಲೈಡನ್ ಪ್ರಣಾಳಿಕೆ ತನ್ನ ಹತ್ತು ಸೂತ್ರಗಳಲ್ಲಿ ಒಂದಾಗಿ ಸೇರಿಸಿತು. 'ಕವಿಚರಿತೆ'ಯನ್ನು ಒಂದು ಶತಮಾನದ ಅನಂತರವೂ ನಾವು ಉಲ್ಲೇಖಿಸುತ್ತಿದ್ದೇವೆ. ಎರಡು ವರ್ಷದ ಕಿಂಡಿಯಿಂದ ನೋಡುವವರಿಗೆ ಆ ಬಾಳಿಕೆ ಕಾಣಿಸದು.

ಅಂಕಪದ್ಧತಿ ತನ್ನದೇ ಮಾರುಕಟ್ಟೆಯನ್ನೂ ಸೃಷ್ಟಿಸಿಕೊಂಡಿತು. ಐ.ಎಸ್.ಎಸ್.ಎನ್. ಸಂಖ್ಯೆಯೊಂದನ್ನು ಪಡೆದು, ಹಣ ಕೊಟ್ಟವರ ಬರಹವನ್ನು ಕೆಲವೇ ದಿನಗಳಲ್ಲಿ ಅಚ್ಚುಮಾಡುವ ಪತ್ರಿಕೆಗಳು ಹುಟ್ಟಿಕೊಂಡವು. ಆ ಸಂಖ್ಯೆ ಪತ್ರಿಕೆಯ ಗುರುತೇ ಹೊರತು ಗುಣದ ಮುದ್ರೆಯಲ್ಲವೆಂಬುದು ಮರೆತುಹೋಯಿತು. ಆಯೋಗವು 2017ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಪತ್ರಿಕೆಗಳ ಮಾನ್ಯತಾ ಪಟ್ಟಿಯನ್ನು ಪ್ರಕಟಿಸಿತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದಲೇ ಆ ಪಟ್ಟಿಗೆ ಸೇರಿದ್ದ ಪತ್ರಿಕೆಗಳ ಮಾದರಿಯನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 88ಕ್ಕೂ ಹೆಚ್ಚಿನವು ಕಳಪೆಯಾಗಿರಬಹುದೆಂದು ತೋರಿಸಿದ ಅಧ್ಯಯನವೊಂದು 2018ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕೈಬಿಡಲಾಯಿತು. 2019ರಲ್ಲಿ ಬಂದ ಕೇರ್ ಪಟ್ಟಿಯೂ 2025ರ ಫೆಬ್ರುವರಿಯಲ್ಲಿ ರದ್ದಾಗಿ, ಪತ್ರಿಕೆಯ ಗುಣನಿರ್ಣಯದ ಹೊಣೆ ಮರಳಿ ವಿಶ್ವವಿದ್ಯಾಲಯಗಳ ಮೇಲೆ ಬಿದ್ದಿತು. ಇದಕ್ಕೂ ಮೊದಲೇ, 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ, ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ಕೈಬಿಡಲಾಗಿತ್ತು.

ಪಟ್ಟಿ ಹೋಯಿತೆಂದು ಸಂಭ್ರಮಿಸುವ ಮೊದಲು ನಮ್ಮ ಮನೆಯೊಳಗನ್ನೂ ನೋಡಿಕೊಳ್ಳಬೇಕು. ಪಟ್ಟಿಗಳು ಬಂದದ್ದಕ್ಕೆ ಒಂದು ಕಾರಣ, ವಿದ್ವತ್ ವಲಯದ ಸ್ವಂತ ಪರಿಶೀಲನೆ ದುರ್ಬಲವಾಗಿದ್ದುದು. ಅಭಿನಂದನ ಗ್ರಂಥಗಳಲ್ಲಿ ಸ್ನೇಹದಾಕ್ಷಿಣ್ಯವೇ ಆಯ್ಕೆಯ ಮಾನದಂಡವಾದದ್ದುಂಟು. ಹಿರಿಯರ ಮುನ್ನುಡಿ ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿದ್ದುಂಟು. ಲೇಖಕರ ಬದುಕು-ಬರಹದ ಮೇಲಿನ ಒಂದೇ ಅಚ್ಚಿನ ಪ್ರಬಂಧಗಳಿಗೆ ಪದವಿ ದೊರೆತದ್ದೂ ಉಂಟು. ಬಾಹ್ಯ ಅಳತೆಗೋಲು ತಪ್ಪೆಂದು ಹೇಳುವವರು ಆಂತರಿಕ ಅಳತೆಗೋಲನ್ನು ತೋರಿಸಿಕೊಡಬೇಕಾಗುತ್ತದೆ. ಇಲ್ಲವಾದರೆ ಅಂಕದ ಜಾಗಕ್ಕೆ ವಶೀಲಿ ಬಂದು ಕುಳಿತೀತು.

ಆ ಅಳತೆಗೋಲು ಓದೇ. ಆಯ್ಕೆ ಸಮಿತಿ ಅಭ್ಯರ್ಥಿಯ ಇಪ್ಪತ್ತು ಲೇಖನಗಳನ್ನು ಎಣಿಸುವ ಬದಲು ಆತನೇ ಆರಿಸಿಕೊಟ್ಟ ಮೂರನ್ನು ಓದಿ, ಅಭಿಪ್ರಾಯವನ್ನು ಲಿಖಿತವಾಗಿ ದಾಖಲಿಸಬೇಕು. ಗ್ರಂಥಸಂಪಾದನೆ, ಶಾಸನಪಾಠ, ನಿಘಂಟು ರಚನೆ, ಅನುವಾದಗಳನ್ನು ಅವುಗಳ ಶ್ರಮಕ್ಕೆ ತಕ್ಕಂತೆ ಪ್ರತ್ಯೇಕವಾಗಿ ಗುರುತಿಸಬೇಕು. ಅಂಕಗಳ ಬದಲು ಗಮನಾರ್ಹ ಕೊಡುಗೆಗಳನ್ನು ಪರಿಗಣಿಸುವ ವಿಚಾರ 2025ರ ಜನವರಿಯ ಕರಡು ನಿಯಮಾವಳಿಯಲ್ಲಿ ಕಾಣಿಸಿಕೊಂಡಿದ್ದು, ಇಂಥ ಕ್ರಮಕ್ಕೆ ಅನುಕೂಲವಾದ ಸೂಚನೆ. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳ ಪತ್ರಿಕೆಗಳೂ ಇಬ್ಬರು ತಜ್ಞರ ಪರಿಶೀಲನೆಯಿಲ್ಲದೆ ಲೇಖನವನ್ನು ಸ್ವೀಕರಿಸಬಾರದು. ತಿದ್ದುಪಡಿಗೂ ಖಂಡನೆಗೂ ಪ್ರತಿ ಸಂಚಿಕೆಯಲ್ಲಿ ಪುಟಗಳನ್ನು ಮೀಸಲಿಡಬೇಕು.

ಗ್ರಂಥಾಲಯಗಳ ಪಾತ್ರವೂ ಕಿರಿದಲ್ಲ. 'ಶೋಧಗಂಗಾ' ಭಂಡಾರದಲ್ಲಿ ಕನ್ನಡದ ಪ್ರಬಂಧಗಳು ಸೇರುತ್ತಿವೆ. ಆದರೆ ಬರಿಯ ಚಿತ್ರಪ್ರತಿಯಾಗಿಯೋ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿಯೋ ಇರುವ ಕಡತದೊಳಗೆ ಪದವನ್ನು ಹುಡುಕಲಾಗದು. ಹುಡುಕಲಾಗದ ಪ್ರಬಂಧ ಓದುಗನಿಗೆ ಸುಲಭವಾಗಿ ದೊರೆಯದು. ಅದರಿಂದ ಕದ್ದದ್ದೂ ಪತ್ತೆಯಾಗದು. ಕನ್ನಡ ಸಂಶೋಧನ ಲೇಖನಗಳ ಸಮಗ್ರ ಸೂಚಿಯೊಂದನ್ನು ಗ್ರಂಥಪಾಲಕರೂ ಅಧ್ಯಾಪಕರೂ ಕೂಡಿ ಸಿದ್ಧಪಡಿಸಿದರೆ, ಗಾರ್ಫೀಲ್ಡ್ ಅವರ ಮೂಲ ಆಶಯವನ್ನು ನಮ್ಮ ಭಾಷೆಯಲ್ಲಿ ಸಾರ್ಥಕಗೊಳಿಸಿದಂತಾಗುತ್ತದೆ. ಪಟ್ಟಿಯ ಆಸರೆ ತಪ್ಪಿರುವ ಈ ಕಾಲದಲ್ಲಿ ನಾವು ಪರಸ್ಪರರ ಬರಹವನ್ನು ನಿಷ್ಠುರವಾಗಿ ಓದಲು ತೊಡಗದಿದ್ದರೆ, ಮತ್ತೊಂದು ಪಟ್ಟಿ ಬರುವುದು ತಡವಾಗಲಾರದು.